ಗೋಡೆ ನೋಡಿದ ಗಂಡು

ಯಾರ ಮನೆಗೆ ಹೋದರೂ ಜನ ಮೊದಲು ಮನೆಯವರ ಮುಖ ನೋಡುತ್ತಾರೆ. ನಾನು ಗೋಡೆ ನೋಡುತ್ತೇನೆ, ಅದರಲ್ಲೂ ಅಟ್ಟದ ಕೆಳಗಿನ ಕತ್ತಲೆ ಮೂಲೆ. ಇದನ್ನು ಸೊಕ್ಕು ಎಂದುಕೊಂಡವರುಂಟು. ಸೊಕ್ಕಲ್ಲ ಸ್ವಾಮಿ, ಕಸುಬು. ಐವತ್ತರ ದಶಕದ ಕೊನೆಯಲ್ಲಿ ನಾನು ಚಿಕ್ಕಬಳ್ಳಾಪುರದಲ್ಲಿದ್ದುಕೊಂಡು, ಸರ್ಕಾರದ ಸಂಬಳ ತಿಂದು ಸೊಳ್ಳೆ ಹಿಡಿಯುತ್ತಿದ್ದೆ. ಸೊಳ್ಳೆ ಹೊಡೆಯುವವರು ಬೇರೆ, ನಾವು ಸಂಶೋಧನೆಗೆಂದು ಜೀವಂತ ಹಿಡಿಯುವವರು. ಕೈಯಲ್ಲಿ ಟಾರ್ಚು, ಬಾಯಲ್ಲಿ ರಬ್ಬರು ನಳಿಗೆ, ಅದರ ತುದಿಗೆ ಗಾಜಿನ ಕೊಳವೆ. ಗೋಡೆಯ ಮೇಲೆ ಕೂತ ಸೊಳ್ಳೆಯ ಹತ್ತಿರ ಹಿಡಿದು ಸುರ್ರೆಂದು ಉಸಿರೆಳೆದರೆ ಅದು ಕೊಳವೆಯೊಳಗೆ. ನಡುವೆ ಒಂದು ಚೂರು ಬಲೆಬಟ್ಟೆ ಇರುತ್ತಿತ್ತು. ಇಲ್ಲದಿದ್ದರೆ ನನಗೆ ಮಧ್ಯಾಹ್ನದ ಊಟ ಬೇಕಾಗುತ್ತಿರಲಿಲ್ಲ.

ಮಲೇರಿಯಾ ಹರಡುವುದು ಹೆಣ್ಣು ಸೊಳ್ಳೆ. ಹೀಗೆಂದದ್ದು ನಾನಲ್ಲ, ಶಾಸ್ತ್ರ. ಮನೆಯಲ್ಲಿ ನಾನು ಈ ಮಾತು ಎತ್ತುವುದೂ ಇಲ್ಲ. ರಕ್ತ ಕುಡಿದ ಮೇಲೆ ಅದಕ್ಕೂ ನಮ್ಮ ಹಾಗೆ ಸ್ವಲ್ಪ ಅಡ್ಡಾಗಬೇಕು. ಹತ್ತಿರದ ಗೋಡೆ ಹಿಡಿದು, ತಲೆ ತಗ್ಗಿಸಿ, ಹಿಂಭಾಗ ಎತ್ತಿ ಕೂರುತ್ತದೆ. ಆ ಗೋಡೆಗೆ ಡಿಡಿಟಿ ಹೊಡೆದಿದ್ದರೆ ಮತ್ತೆ ಏಳುವುದಿಲ್ಲ. ಆ ಕಾಲದ ಅಷ್ಟು ದೊಡ್ಡ ವಿಜ್ಞಾನ ನಿಂತಿದ್ದು ಊಟವಾದ ಮೇಲಿನ ಈ ಸೋಮಾರಿತನದ ಮೇಲೆ. ಸೋಮಾರಿತನವನ್ನು ಹೀಗಳೆಯುವವರು ಇದನ್ನು ಗಮನಿಸಬೇಕು.

ಆದರೆ ಶಿಡ್ಲಘಟ್ಟದ ಕಡೆ, ಸಾದಲಿ ಸುತ್ತಮುತ್ತ, ಈ ವಿಜ್ಞಾನ ಕುಂಟುತ್ತಿತ್ತು. ಡಿಡಿಟಿ ಹೊಡೆದು ಬಂದ ಊರುಗಳಲ್ಲೂ ಚಳಿಜ್ವರ ಬಿಡಲೊಲ್ಲದು. ಸೊಳ್ಳೆಗಳಿಗೆ ಔಷಧ ಒಗ್ಗಿಹೋಯಿತೇನೋ ಎಂದು ನಮ್ಮ ಕಚೇರಿಯ ಮುಖ್ಯಸ್ಥ ಡಾಕ್ಟರು ತಲೆ ಕೆಡಿಸಿಕೊಂಡಿದ್ದರು. ಇಂಥ ಹೊತ್ತಿನಲ್ಲೇ ನನ್ನ ಸೋದರಮಾವ ಸಾದಲಿಯ ಪಕ್ಕದ ಹಳ್ಳಿಯಲ್ಲಿ ನನಗೊಂದು ಹೆಣ್ಣು ಗೊತ್ತು ಮಾಡಿಕೊಂಡು ಬಂದ.

ಹುಡುಗಿಯ ತಂದೆ ವೆಂಕಟರಾಯಪ್ಪನವರದು ರೇಷ್ಮೆ ಹುಳು ಸಾಕುವ ಮನೆ. ಮನೆಯೆಂದರೆ ಹುಳುಗಳದ್ದೇ, ಮನುಷ್ಯರು ಒಂದು ಪಕ್ಕದಲ್ಲಿ ಬಾಡಿಗೆಗಿದ್ದಂತೆ ಇದ್ದರು. ಹೊಸಿಲ ಹತ್ತಿರವೇ ನನ್ನನ್ನು ತಡೆದರು.

"ಮಲೇರಿಯಾದೋರಲ್ವಾ? ಅಲ್ಲೇ ನಿಲ್ಲಿ ಸ್ವಾಮಿ! ನಿಮ್ಮ ಬಟ್ಟೆಲಿರೋ ಡಿಡಿಟಿ ಗಾಳಿಗೇ ನಮ್ಮ ಹುಳ ಸತ್ತು ಮಲಗ್ಬಿಡ್ತವೆ."

ಸರಿ, ಬಾವಿಕಟ್ಟೆಯ ಮೇಲೆ ಕೂರಿಸಿ ನೀರು ಹುಯ್ದರು. ನನ್ನ ಇಸ್ತ್ರಿ ಪ್ಯಾಂಟು ಹುಣಸೆಮರದ ಕೊಂಬೆ ಸೇರಿತು. ಹೆಣ್ಣು ನೋಡುವ ಮುಂಚೆಯೇ ಹೆಣ್ಣು ಕೊಡುವ ಮಾವನ ಪಂಚೆ ಉಟ್ಟ ಗಂಡು ನಮ್ಮ ವಂಶದಲ್ಲಿ ನಾನೊಬ್ಬನೇ ಇರಬೇಕು.

ಹುಡುಗಿ, ರತ್ನಮ್ಮ, ಕಾಫಿ ತಂದಿಟ್ಟು ತಲೆ ತಗ್ಗಿಸಿ ಕೂತಳು. ಬಿಳಿಚಿಕೊಂಡ ಮುಖ, ದೊಡ್ಡ ಕಣ್ಣು. "ಸರಿಯಾಗಿ ನೋಡ್ಕೊಳೋ" ಎಂದು ಸೋದರಮಾವ ತಿವಿದ. ನೋಡಿದೆ. ಅಯ್ಯೋ, ನನ್ನ ಹಣೆಬರಹವೇ! ಅವಳ ಹಿಂದೆ ಹುಳುವಿನ ಕೋಣೆಯ ಗೋಡೆ ಕಾಣುತ್ತಿತ್ತು. ಅಲ್ಲಿ ಸೊಳ್ಳೆಗಳು ಹಿಂಭಾಗ ಎತ್ತಿಕೊಂಡು ಸಾಲಾಗಿ ಕೂತಿದ್ದವು, ಮದುವೆಗೆ ಬಂದ ನೆಂಟರ ಹಾಗೆ. ಕೊಳವೆ ಹೊರಗೆ ಚೀಲದಲ್ಲಿ. ನಾನು ಕಾಫಿಯನ್ನು ಗಟಗಟ ಕುಡಿದು, ಎದ್ದು ಹೋಗಿ ಖಾಲಿ ಲೋಟವನ್ನು ಗೋಡೆಗೆ ಕವುಚಿದೆ.

"ಈ ಕೋಣೆಗೆ ಔಷಧ ಹೊಡೆಸಿಲ್ವಾ?" ಎಂದೆ.

"ಹುಳದ ಕೋಣೆಗೆ ಯಾರಾದ್ರೂ ವಿಷ ಹೊಡೆಸ್ತಾರೇನ್ರೀ? ನಿಮ್ಮೋರು ಬಂದಾಗ ದನದ ಕೊಟ್ಟಿಗೆ ತೋರ್ಸಿ ಕಳಿಸ್ತೀವಿ. ಊರಲ್ಲೆಲ್ಲಾ ಹಂಗೇಯ."

ಡಾಕ್ಟರ ಒಗಟು ಅಲ್ಲಿಗೆ ಬಿಡಿಸಿದಂತಾಯಿತು. ಅಷ್ಟರಲ್ಲಿ ಹಿಂದೆ ತಟ್ಟೆಯೊಂದು ಗಡಗಡ ಸದ್ದು ಮಾಡಿತು. ರತ್ನಮ್ಮನ ಕೈ ನಡುಗುತ್ತಿತ್ತು. "ನಾಚಿಕೆ" ಎಂದರು ಅವಳ ತಾಯಿ. ನಾಚಿಕೆಗೆ ಹಲ್ಲು ಕಟಕಟ ಅನ್ನುವುದಿಲ್ಲ.

"ದಿನ ಬಿಟ್ಟು ದಿನ ಬರುತ್ತಾ ಈ ಚಳಿ?" ಎಂದು ನೇರವಾಗಿ ಅವಳನ್ನೇ ಕೇಳಿದೆ.

ಅವಳು ಮೊದಲ ಸಲ ತಲೆಯೆತ್ತಿದಳು. "ಹೂಂ. ನೆನ್ನೆ ಇರ್ಲಿಲ್ಲ, ಮೊನ್ನೆ ಇತ್ತು."

ಮುಚ್ಚಿಟ್ಟ ಕಾಯಿಲೆಯನ್ನು ಹೆಣ್ಣು ನೋಡಲು ಬಂದವನೇ ಬಯಲು ಮಾಡಿದರೆ ಯಾವ ತಂದೆ ಸುಮ್ಮನಿರುತ್ತಾನೆ? ವೆಂಕಟರಾಯಪ್ಪನವರ ಸಿಟ್ಟು ತೆಲುಗಿನಲ್ಲಿ ಶುರುವಾಯಿತು. "ಏಮಯ್ಯಾ! ಹೆಣ್ಣು ನೋಡೋಕೆ ಬಂದ್ಯೋ, ಗೋಡೆ ನೋಡೋಕೆ ಬಂದ್ಯೋ? ನಡಿ ಆಚೆಗೆ!" ಶಿಡ್ಲಘಟ್ಟ ಮುಟ್ಟುವ ತನಕ ಮಾವ ನನ್ನನ್ನು ಬೈದ. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ನನಗೆ ಆ ಹುಡುಗಿ ಬೇಕಿತ್ತು.

ಫಜೀತಿ ನೋಡಿ: ಕಂಡದ್ದನ್ನು ಡಾಕ್ಟರಿಗೆ ಹೇಳಿದರೆ ಹುಳುವಿನ ಕೋಣೆಗೂ ಡಿಡಿಟಿ ಬೀಳುತ್ತದೆ, ಹುಳು ಸಾಯುತ್ತವೆ, ಸಂಬಂಧ ಮುರಿಯುತ್ತದೆ. ಹೇಳದಿದ್ದರೆ ರತ್ನಮ್ಮ ನಾಳಿದ್ದು ಮತ್ತೆ ನಡುಗುತ್ತಾಳೆ. ಹೇಳಿದೆ. ಪಂಚೆಯ ವಿಷಯವನ್ನೂ ಬಿಡದೆ ಹೇಳಿದೆ. ಡಾಕ್ಟರು ಕುರ್ಚಿಯಿಂದ ಎದ್ದು, "ಹೊಡೆಸು ಹಾಗಾದ್ರೆ!" ಎಂದರು.

"ಹುಳ ಸತ್ರೆ ಊರೇ ಹೋಗುತ್ತೆ ಸಾರ್. ಬಾವಿಗಳಿಗೆ ಮೀನು ಬಿಟ್ಟು ನೋಡೋಣ. ಸೊಳ್ಳೆ ಮರಿಗಳನ್ನ ನೀರಲ್ಲೇ ತಿಂದುಬಿಡ್ತವೆ."

ಡಾಕ್ಟರು ಕನ್ನಡಕದ ಮೇಲಿಂದ ನೋಡಿದರು. "ಇದು ಸಂಶೋಧನೆಗೋ, ಮದುವೆಗೋ?"

"ಎರಡಕ್ಕೂ ಸಾರ್."

ಹೀಗೆ ನಮ್ಮ ಮೀನಿನ ಪ್ರಯೋಗ ಶುರುವಾಯಿತು. ಜ್ವರದ ಮಾತ್ರೆಗಳನ್ನು ಮಾವನ ಕೈಯಲ್ಲಿ ಮೊದಲೇ ಕಳಿಸಿದ್ದೆ. ಗಂಡಿನ ಕಡೆಯವರು ಸೀರೆ ಒಯ್ಯುತ್ತಾರೆ. ನಾನು ಬಸ್ಸಿನಲ್ಲಿ ತೊಡೆಯ ಮೇಲೆ ಮೀನಿನ ಕೊಡ ಇಟ್ಟುಕೊಂಡು ಹೋದೆ. ಪಕ್ಕದಲ್ಲಿ ಕೂತ ಅಜ್ಜಿ ಕೊಡದೊಳಗೆ ಇಣುಕಿ, "ಇಷ್ಟು ಸಣ್ಣ ಮೀನಿಗೆ ಮಸಾಲೆ ದಂಡ ಕಣಪ್ಪಾ" ಎಂದು ಮರುಗಿದರು.

ಆಮೇಲೆ ಆ ಊರಿನ ಬಾವಿಬಾವಿಗೂ ಇಳಿದು ಸೌಟಿನಲ್ಲಿ ನೀರು ಮೊಗೆದು ನೋಡುವುದೇ ನನ್ನ ಕೆಲಸ. ವೆಂಕಟರಾಯಪ್ಪ ದೂರದಲ್ಲಿ ನಿಂತು ನೋಡುತ್ತಿದ್ದರು. ಮಳೆಗಾಲ ಕಳೆಯುವಷ್ಟರಲ್ಲಿ ಬಾವಿಗಳಲ್ಲಿ ಸೊಳ್ಳೆ ಮರಿ ಸಿಗುವುದೇ ಅಪರೂಪವಾಯಿತು. ಹುಳು ಚೆನ್ನಾಗಿ ಗೂಡು ಕಟ್ಟಿದವು. ರತ್ನಮ್ಮನಿಗೆ ಜ್ವರ ಬಿಟ್ಟಿತೆಂದು ಮಾವ ಸುದ್ದಿ ತಂದ, ಮದುವೆಯ ಸುದ್ದಿ ಮಾತ್ರ ಇಲ್ಲ. ನಾನು ಆಸೆ ಬಿಟ್ಟೆ. ಬಿಟ್ಟೆನೆಂದು ಎಲ್ಲರಿಗೂ ಹೇಳಿಕೊಂಡು ತಿರುಗಿದೆ.

ಒಂದು ದಿನ ವೆಂಕಟರಾಯಪ್ಪನವರೇ ಚಿಕ್ಕಬಳ್ಳಾಪುರಕ್ಕೆ ಬಂದು ನಮ್ಮ ಕಚೇರಿಯ ಬಾಗಿಲಲ್ಲಿ ನಿಂತರು. ನಾನು ಎದ್ದು ನಿಂತೆ. ಅವರು ಹೆಗಲ ಟವಲಿನಿಂದ ಮುಖ ಒರೆಸಿಕೊಂಡು, ನನ್ನ ಕಡೆ ನೋಡದೆ ಹೇಳಿದರು:

"ಹುಳ ಉಳಿಸ್ದೆ ಅಂತ ಹೆಣ್ಣು ಕೊಡ್ತಿದೀನಿ ಅಂದ್ಕೋಬೇಡ ಕಣಪ್ಪಾ. ನಿನಗಿಂತ ಮುಂಚೆ ಎಷ್ಟೋ ಜನ ಬಂದ್ರು. ಬಣ್ಣ ನೋಡಿದ್ರು, ಜಡೆ ನೋಡಿದ್ರು, ನಡೆಸಿ ನೋಡಿದ್ರು. ನನ್ನ ಮಗಳಿಗೆ ಚಳಿ ಆಗ್ತಾ ಐತೆ ಅಂತ ನೋಡಿದೋನು ನೀನೊಬ್ನೇ."