ಕಿತಿಯೋನನ ಶೆಡ್ಡಿನಲ್ಲಿ ಬಿಸಿಯಾಗದ ಕಾರು

ನಮ್ಮ ದ್ವೀಪದ ಊರು ಕೊಲೊವಾಯಿಯಲ್ಲಿ ಕಾರು ಕೆಟ್ಟವರೆಲ್ಲ ಕಿತಿಯೋನನ ಶೆಡ್ಡಿಗೆ ಬರುವಾಗ ರೋಗದ ಹೆಸರನ್ನೂ ಜೊತೆಗೇ ತರುತ್ತಾರೆ: ಪಂಪು ಹೋಗಿದೆ, ಗ್ಯಾಸ್ಕೆಟ್ ಸುಟ್ಟಿದೆ, ರೇಡಿಯೇಟರ್ ಕಟ್ಟಿಕೊಂಡಿದೆ. ಅದನ್ನೆಲ್ಲ ಕೇಳಿಸಿಕೊಂಡು ಅವನು ಕೇಳುವುದು ಒಂದೇ ಮಾತು, ಯಾವಾಗ ಎಂದು. ಏರಿನಲ್ಲೋ ಸಮತಟ್ಟಿನಲ್ಲೋ, ನಿಂತಾಗಲೋ ಓಡುವಾಗಲೋ ಎಂಬುದು ತಿಳಿಯುವ ತನಕ ಅವನ ಕೈ ಸ್ಪ್ಯಾನರ್ ಮುಟ್ಟುವುದಿಲ್ಲ. ಊಹೆಗೂ ತಿಳಿವಿಗೂ ನಡುವಿನ ಗಡಿಯನ್ನು ಇಷ್ಟು ನಿಷ್ಠೆಯಿಂದ ಕಾಯುವವರನ್ನು ನಾನು ಪುಸ್ತಕಗಳಲ್ಲಿ ಕಂಡಿದ್ದೇನೆ. ನೆರೆಮನೆಯಲ್ಲಿ ಕಂಡದ್ದು ಇವನೊಬ್ಬನನ್ನೇ.

ನಮ್ಮೂರಿನ ಮೋಸೆಸೆ ತೀರಿಕೊಂಡ ಮೇಲೆ ಅವನ ಹಳೆಯ ಕಾರನ್ನು ಮಗಳು ವಿಕ ಓಡಿಸುತ್ತಿದ್ದಳು. ದಿನಾ ಸಂಜೆ ತಾಯಿ ಓಫಾಳನ್ನು ಸ್ಮಶಾನಕ್ಕೆ ಕರೆದೊಯ್ಯುವುದು ಅವಳ ಪಾಲಿನ ಕೆಲಸ. ಹೊರಟ ಪ್ರತಿ ಸಲವೂ ಚರ್ಚಿನ ತಿರುವು ದಾಟುತ್ತಿದ್ದಂತೆ ಎಂಜಿನ್ ಕಟಕಟ ಸದ್ದು ಮಾಡುತ್ತಿತ್ತು, ಶಾಖ ತೋರಿಸುವ ಮುಳ್ಳು ಕೆಂಪು ಗೆರೆಗೆ ಏರುತ್ತಿತ್ತು. ದಾರಿಯಲ್ಲೇ ಕಾರು ನಿಲ್ಲಿಸಿ ಹಿಂದಿರುಗಬೇಕಾಗುತ್ತಿತ್ತು. ಬರುವ ಶನಿವಾರ ಗೋರಿಯ ಮೇಲೆ ಕಪ್ಪು ಹರಳುಗಲ್ಲು ಹಾಸುವ ದಿನ. ಅಂದು ಗಂಡನ ಕಾರಿನಲ್ಲೇ ಹೋಗಬೇಕೆಂಬುದು ಓಫಾಳ ಆಸೆ. ಆದರೆ ಈಚೆಗೆ ಅವಳು ಆ ಮಾತೆತ್ತುವುದನ್ನೇ ಬಿಟ್ಟಿದ್ದಳು. ತಾನು ಗೋರಿಯ ಬಳಿ ಬರುವುದು ಗಂಡನಿಗೇ ಬೇಡವಾಗಿದೆಯೇನೋ ಎಂದು ಒಮ್ಮೆ ನನ್ನ ಹೆಂಡತಿಯ ಬಳಿ ಅಂದಿದ್ದಳು.

ಕಿತಿಯೋನ ಮೊದಲು ಥರ್ಮೋಸ್ಟ್ಯಾಟ್ ಬದಲಿಸಿ, ಸರಿಯಾಯಿತೆಂದ. ಸರಿಯಾಗಿರಲಿಲ್ಲ. ಆಮೇಲೆ ರೇಡಿಯೇಟರಿನಲ್ಲಿ ಕಟ್ಟಿದ್ದ ಸುಣ್ಣ ತೊಳೆದು, ಈಗ ಖಂಡಿತ ಎಂದ. ಅದೂ ಸುಳ್ಳಾಯಿತು. ಎಂಜಿನ್ ಬಿಚ್ಚು, ಗ್ಯಾಸ್ಕೆಟ್ಟೇ ಹೋಗಿದೆ ಎಂದು ಊರೆಲ್ಲ ತೀರ್ಪು ಕೊಟ್ಟಿತು. ಅವನು ಒಪ್ಪಲಿಲ್ಲ. ಗ್ಯಾಸ್ಕೆಟ್ ಹೋಗಿದ್ದಕ್ಕೆ ಗುರುತೇ ಇಲ್ಲ: ಆಯಿಲಿನಲ್ಲಿ ನೀರಿನ ಬಿಳುಪಿಲ್ಲ, ರೇಡಿಯೇಟರಿನಲ್ಲಿ ಗುಳ್ಳೆ ಏಳುತ್ತಿಲ್ಲ. ಮಿಗಿಲಾಗಿ, ಅವನ ಶೆಡ್ಡಿನಿಂದ ಎಷ್ಟು ದೂರ ಓಡಿಸಿದರೂ ಕಾರು ತಣ್ಣಗೇ ಇರುತ್ತಿತ್ತು.

"ನಿನ್ನ ಮುಖ ಕಂಡ್ರೆ ಇದಕ್ಕೆ ಒಳ್ಳೆ ಬುದ್ಧಿ ಬರುತ್ತೆ ಕಿತಿಯೋನಣ್ಣ," ಎಂದಳು ವಿಕ. "ನೀನೇ ಬಂದು ನಮ್ಮನೇಲಿ ಇದ್ದುಬಿಡು."

"ನನಗೆ ಗೊತ್ತಾಗ್ತಿಲ್ಲ ಕಣಮ್ಮ," ಎಂದ ಅವನು. "ನಾಳೆ ಕಾರು ತರಬೇಡ, ನಾನೇ ಬರ್ತೀನಿ. ಅಮ್ಮನ್ನ ಹೆಂಗೆ ಕರ್ಕೊಂಡು ಹೋಗ್ತೀಯೋ ಹಂಗೇ ಹೊರಡು."

ಮರುದಿನ ಸಂಜೆ ಅವನು ಸ್ನಾನ ಮಾಡಿ, ಸಾವಿನ ಮನೆಗೆ ತಕ್ಕಂತೆ ಸೊಂಟಕ್ಕೆ ಒರಟು ಚಾಪೆ ಸುತ್ತಿಕೊಂಡು ಬಂದ. ಅಂಗಳದಲ್ಲಿ ಕಾರು ಅಲಂಕಾರ ಮಾಡಿಕೊಂಡು ನಿಂತಿತ್ತು: ಬಾನೆಟ್ಟಿನಿಂದ ಇಳಿದು ಮುಂದಿನ ಜಾಲರಿಯನ್ನೆಲ್ಲ ಮುಚ್ಚಿ, ಬಂಪರಿಗೆ ಬಿಗಿದು ಕಟ್ಟಿದ ಶೋಕದ ಗುರುತಿನ ಕಪ್ಪು ಮತ್ತು ನೇರಳೆ ಬಟ್ಟೆ. ಶೆಡ್ಡಿನ ಮಸಿ ಹತ್ತಬಾರದೆಂದು ವಿಕ ಪ್ರತಿ ಸಲವೂ ಅದನ್ನು ಮೆಲ್ಲನೆ ಬಿಚ್ಚಿಟ್ಟು ಬರುತ್ತಿದ್ದಳು. ಮನೆಗೆ ಮರಳಿದ ಕೂಡಲೇ ಹಾಗೆಯೇ ಕಟ್ಟುತ್ತಿದ್ದಳು.

ಆ ಕ್ಷಣವೇ ಅವನಿಗೆ ಹೊಳೆದಿರಬೇಕು. ಆದರೂ ಬಾಯಿ ಬಿಡದೆ ವಿಕಳ ಪಕ್ಕ ಕಾರು ಹತ್ತಿದ. ತಿರುವಿನಲ್ಲಿ ಕಟಕಟ ಶುರುವಾಯಿತು, ಮುಳ್ಳು ಏರಿತು. ಕಾರು ಆರಿದ ಮೇಲೆ ಅವರು ವಿಕಳ ಮನೆಗೇ ಮರಳಿದರು. ಬಟ್ಟೆ ಸರಿಸಿ ಇನ್ನೊಮ್ಮೆ ಓಡಿಸಿದರಷ್ಟೇ ಪರೀಕ್ಷೆ ಪೂರ್ತಿ. ಆದರೆ ಕಾರಿನ ಮುಂಭಾಗದ ಬಟ್ಟೆಯನ್ನು ಸ್ಮಶಾನದ ದಾರಿಯಲ್ಲಿ ತೆಗೆಯುವ ಅಧಿಕಾರ ಅವನದೂ ಅಲ್ಲ, ವಿಕಳದೂ ಅಲ್ಲ. ಕಟ್ಟಿಸಿದವಳು ಲುಪೆ, ಸತ್ತವನ ಅಕ್ಕ. ನಮ್ಮಲ್ಲಿ ಸಾವಿನ ಮನೆಯಲ್ಲಿ ಸತ್ತವನ ಅಕ್ಕನ ಮಾತಿಗೆ ಎದುರು ಮಾತಿಲ್ಲ.

ಕಿತಿಯೋನ ಜಗಲಿಯಲ್ಲಿ ಕೂತಿದ್ದ ಲುಪೆಯ ಎದುರು, ಕೆಳಗೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಎಂಜಿನ್ನಿಗೆ ಗಾಳಿ ಹೋಗುತ್ತಿಲ್ಲವೆಂದು ತನಗನ್ನಿಸುತ್ತದೆ ಎಂದ.

"ನನ್ನ ತಮ್ಮನಿಗೆ ಅಂತ ಹೊದಿಸಿದ ಬಟ್ಟೆ," ಎಂದಳು ಲುಪೆ. "ಎಂಜಿನ್‌ಗೆ ಸೆಕೆ ಆಗುತ್ತೆ ಅಂತ ಬಿಚ್ಚಬೇಕಾ? ಎರಡು ಸಲ ಸರಿಹೋಯ್ತು ಅಂದವನು ನೀನೇ ತಾನೆ?"

"ಹೌದಕ್ಕ. ಎರಡು ಸಲವೂ ನಂದೇ ತಪ್ಪು. ಇದೂ ತಪ್ಪಿರಬಹುದು. ಅದಕ್ಕೇ ಓಡಿಸಿ ನೋಡೋಣ ಅಂತಿರೋದು."

ಲುಪೆ ಉತ್ತರಿಸುವ ಮೊದಲೇ ಒಳಗಿನಿಂದ ಓಫಾಳ ದನಿ ಬಂತು.

"ಹಂಗಾದ್ರೆ ಅವರು ನನ್ನ ಬರಬೇಡ ಅಂತಿರಲಿಲ್ವಾ?"

ಲುಪೆ ಬಾಗಿಲ ಕಡೆ ತಿರುಗಿದಳು. ಆಮೇಲೆ ಎದ್ದು, ಭಾರವಾದ ಮೈಯನ್ನು ಬಗ್ಗಿಸಿ, ಬಂಪರಿನ ಗಂಟುಗಳನ್ನು ತಾನೇ ಬಿಚ್ಚಿದಳು. ಬಟ್ಟೆಯನ್ನು ಕಾರಿನ ಚಾವಣಿಯ ಮೇಲೆ ಹರಡಿ ಕಟ್ಟಿಸಿ, ಓಫಾಳನ್ನು ಕೈಹಿಡಿದು ತಂದು ಹಿಂದಿನ ಸೀಟಿನಲ್ಲಿ ಕೂರಿಸಿದಳು. "ನನ್ನ ತಮ್ಮ ಅಷ್ಟು ಕೆಟ್ಟವನಲ್ಲ ಕಣೇ," ಎಂದಳು.

ತಿರುವು ಬಂತು, ಹೋಯಿತು. ಎಂಜಿನ್ ತನ್ನ ಪಾಡಿಗೆ ಗುನುಗುತ್ತಿತ್ತು. ಸ್ಮಶಾನದ ಬೇಲಿಯ ತನಕ ಹೋಗಿ ಮನೆಗೆ ಮರಳಿದರೂ ಮುಳ್ಳು ಅಲುಗಲಿಲ್ಲ. ವಿಕ ನಕ್ಕಳು. ಅಕ್ಕಪಕ್ಕದವರು ಅವನ ಬೆನ್ನು ತಟ್ಟಲು ಬಂದರು. ಕಿತಿಯೋನ ಮಾತ್ರ ಹುಬ್ಬು ಗಂಟಿಕ್ಕಿಕೊಂಡೇ ಇದ್ದ. ಸಂಜೆಯ ತಂಪಿಗೂ ಹೀಗಾಗಿರಬಹುದು, ಒಂದೇ ಸಲಕ್ಕೆ ನಂಬುವಂತಿಲ್ಲ, ನಾಳೆ ಬಿಸಿಲಲ್ಲಿ ಇನ್ನೊಮ್ಮೆ ಓಡಿಸಬೇಕು ಎಂದ.

"ಬಿಸಿಲಲ್ಲೂ ಓಡ್ಸುವಂತೆ," ಎಂದಳು ಓಫಾ. ಅವಳು ಕಾರಿನಿಂದ ಇಳಿದಿರಲಿಲ್ಲ. "ಈಗ ಇನ್ನೊಂದ್ಸಲ ಹೋಗೋಣ. ಬೇಲಿ ಹತ್ರ ನಿಲ್ಸು. ನಾನು ಇಳೀಬೇಕು."