ರೈಲಿನಲ್ಲಿ ಕಥೆ ಕೂಗಿದ ನರ್ಸಕ್ಕ

ನನ್ನ ದಡ್ಡತನವನ್ನು ಮೊದಲೇ ಒಪ್ಪಿಸಿಬಿಡುತ್ತೇನೆ. ಇನ್ನೂ ಮಾರಾಟವಾಗಬೇಕಿದ್ದ ಕಾದಂಬರಿಯೊಂದರ ಕೊನೆಯನ್ನು, ಜನ ತುಂಬಿದ ರೈಲಿನಲ್ಲಿ ಬೆಂಚು ಹತ್ತಿ ನಿಂತು ಕೂಗಿ ಹೇಳಿದ ಮಹಾಶಯ ಇಡೀ ಮೈಸೂರು ರಾಜ್ಯದಲ್ಲಿ ನಾನೊಬ್ಬನೇ. ಕಾದಂಬರಿ ನನ್ನದಾಗಿದ್ದರೆ ಹೋಗಲಿ ಎನ್ನಬಹುದಿತ್ತು. ಅದು ನರ್ಸಕ್ಕನದು.

ನರ್ಸಕ್ಕ ಬಂಗಾರಪೇಟೆಯಲ್ಲಿ ನಮ್ಮ ಪಕ್ಕದ ಮನೆಯವರು. ಚಿನ್ನದ ಗಣಿಯ ಚಾಂಪಿಯನ್ ರೀಫ್ಸಿನ ಆಸ್ಪತ್ರೆಯಲ್ಲಿ ಕೆಲಸ. ಗಾಯಕ್ಕೆ ಹಚ್ಚುವ ನೇರಳೆ ಔಷಧಿಯ ಬಣ್ಣ ಅವರ ಬೆರಳುಗಳನ್ನು ಬಿಟ್ಟಿದ್ದೇ ಇಲ್ಲ. ಅವರು ಬರೆದು ತಾವೇ ಮಾರಿದ ಪುಸ್ತಕದ ರಟ್ಟಿನ ಮೇಲೆಲ್ಲ ಹೆಬ್ಬೆರಳಿನ ನೇರಳೆ ಗುರುತು. "ರುಜು ಹಾಕೋ ಕಷ್ಟ ತಪ್ತು" ಎನ್ನುತ್ತಿದ್ದರು.

ಅವರ ಎರಡನೇ ಕಾದಂಬರಿ ಟ್ರಂಕಿನಲ್ಲಿ ಕಾಯುತ್ತಿತ್ತು. ಮೊದಲನೆಯದರ ಕಟ್ಟುಗಳು ಖಾಲಿಯಾಗುವವರೆಗೆ ಇನ್ನೊಂದಕ್ಕೆ ಅಚ್ಚಿನ ಮೊಳೆ ಜೋಡಿಸುವುದಿಲ್ಲ ಎಂದು ಪ್ರೆಸ್ಸಿನವರು ಹಟ ಹಿಡಿದಿದ್ದರು. ಹಾಗಾಗಿ ನರ್ಸಕ್ಕ ಬೆಳಗಿನ ರೈಲಿನಲ್ಲಿ ಮೊದಲನೆಯದರ ಕಥೆ ಹೇಳಲು ಶುರು ಮಾಡಿದರು. ಕನ್ನಡದಲ್ಲಿ ಆರಂಭಿಸಿ, ತಮಿಳಿಗೆ ಜಾರಿ, ತೆಲುಗಿನಲ್ಲಿ ಬೈಗುಳ ಸೇರಿಸಿ. ಅತ್ತೆಯ ಮೂಗುಬೊಟ್ಟು ಕಳೆದುಹೋಗಿದೆ, ಹೊಸ ಸೊಸೆಯ ಮೇಲೆ ಅನುಮಾನ. "ಅಪ್ಪುರಂ?" "ತರ್ವಾತ?" "ಆಮ್ಯಾಕೆ?" ಎಂದು ಡಬ್ಬಿಯೆಲ್ಲ ಕೇಳುತ್ತಿತ್ತು. ರಾಬರ್ಟ್‌ಸನ್‌ಪೇಟೆಯ ಮಾರುಕಟ್ಟೆಗೆ ಇಳಿಯುವವರ ಸ್ಟೇಷನ್ ಬರುವ ಹೊತ್ತಿಗೆ ಸರಿಯಾಗಿ ಸೊಸೆ ಅಕ್ಕಿ ಮೂಟೆ ಬಿಚ್ಚುತ್ತಿದ್ದಳು. ನರ್ಸಕ್ಕ ಬಾಯಿ ಮುಚ್ಚಿ ಪುಸ್ತಕ ತೆಗೆಯುತ್ತಿದ್ದರು. ಓದು ಬಾರದವರೂ ಮಕ್ಕಳ ಕೈಲಿ ಓದಿಸಲು ಕೊಳ್ಳುತ್ತಿದ್ದರು.

ನಾನೂ ಅದೇ ರೈಲಿನಲ್ಲಿ ರಾಬರ್ಟ್‌ಸನ್‌ಪೇಟೆಯ ಬಟ್ಟೆ ಅಂಗಡಿಗೆ ಹೋಗುತ್ತಿದ್ದೆ. ಒಮ್ಮೆ ದೊಡ್ಡ ಮನುಷ್ಯನ ಹಾಗೆ, "ಬರೆದೋರು ಸೊಪ್ಪು ಮಾರೋರಂಗೆ ಕೂಗೋದು ಚೆಂದವೇನಕ್ಕ?" ಎಂದೆ.

"ಸೊಪ್ಪು ಬೆಳೆದೋಳು ತಾನೇ ಕೂಗಲ್ವಾ? ಒಳಗೇನೈತೆ ಅಂತ ನನಗಿಂತ ಯಾರಿಗ್ಲಾ ಗೊತ್ತು?"

ಒಂದು ದಿನ ಅವರ ಗಂಟಲು ಕಟ್ಟಿತು. "ಇವತ್ತು ನೀನೇ ಕತೆ ಏಳಪ್ಪ. ಮೂಟೆ ಬಿಚ್ಚೋ ತಾವ ನಿಲ್ಲಿಸ್ಬಿಡು" ಎಂದು ಪಿಸುಗುಟ್ಟಿದರು. ನಾನು ಬೆಂಚು ಹತ್ತಿದೆ. ಅಭಿನಯ ಜೋರಾಗಿಯೇ ಇತ್ತು. ಅತ್ತೆಯಾಗಿ ನಾನು ಅತ್ತಾಗ ಮಗುವೊಂದು ಹೆದರಿ ನಿಜವಾಗಿಯೇ ಅತ್ತಿತು. ಅಷ್ಟರಲ್ಲಿ ಸೊಪ್ಪಿನ ಬುಟ್ಟಿಯ ಅಜ್ಜಿಯೊಬ್ಬಳು, "ಆ ಸೊಸೆಮುಂಡೇನೇ ಕದ್ದಿರಾದು" ಎಂದಳು. ಸೊಸೆಯ ಮಾನ ನನ್ನ ಕೈಯಲ್ಲಿದೆ ಎನಿಸಿಬಿಟ್ಟಿತು.

"ಸೊಸೆ ಅಲ್ಲ ಕಣಜ್ಜಿ! ಅತ್ತೇನೇ ಅಕ್ಕಿ ಮೂಟೇಲಿ ಬಚ್ಚಿಟ್ಟವ್ಳೆ!"

"ಅಷ್ಟೇನಾ?" ಎಂದು ಎಲ್ಲರೂ ಬುಟ್ಟಿ ಎತ್ತಿಕೊಂಡು ಇಳಿದುಹೋದರು. ಒಂದು ಪುಸ್ತಕವೂ ಹೋಗಲಿಲ್ಲ. ನರ್ಸಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದರು. ಭುಜ ಕುಲುಕುತ್ತಿತ್ತು. ಅತ್ತರೋ ನಕ್ಕರೋ, ಇವತ್ತಿಗೂ ಗೊತ್ತಿಲ್ಲ.

ಮರುದಿನ ಒಡಕು ಗಂಟಲಲ್ಲೇ ಅವರು ಎದ್ದು ನಿಂತರು. "ನೆನ್ನೆ ಇವನು ಏಳಿದ್ ಕತೆ ನಂಬಿದ್ರಾ? ಮೂರು ಸಲ ಎಸ್ಸೆಸ್ಸೆಲ್ಸಿ ಫೇಲಾದೋನು! ಇವನು ಯಾವ ಪುಸ್ತಕಾನ ಕೊನೇವರ್ಗೂ ಓದವ್ನೆ?"

ಡಬ್ಬಿ ಗೊಳ್ಳೆಂದಿತು. ನಿಜವಾದ ಕೊನೆ ಯಾವುದೆಂದು ನೋಡಲು ಹಿಂದೆಂದೂ ಇಲ್ಲದಷ್ಟು ಜನ ಕೊಂಡರು. ಆಮೇಲೆ, "ಅವನು ಏಳಿದ್ದೇ ಐತಲ್ಲಕ್ಕಾ!" ಎಂದು ಜಗಳಕ್ಕೆ ಬಂದವರಿಗೆ, "ಓದಿದ್ರಿಂದ ತಾನೇ ಗೊತ್ತಾಗಿದ್ದು?" ಎಂದರು. ನನ್ನ ದಡ್ಡತನ ಅವರ ಕೈಗೆ ಸಿಕ್ಕು ಬಂಡವಾಳವಾಯಿತು.

ಕಟ್ಟುಗಳು ಖಾಲಿಯಾದವು. ಎರಡನೆಯದು ಅಚ್ಚಿಗೆ ಹೋಯಿತು. ಅದು ಬರುವಷ್ಟರಲ್ಲಿ ನರ್ಸಕ್ಕ ಹೋಗಿಬಿಟ್ಟರು. ಎರಡು ದಿನದ ಜ್ವರ, ಅಷ್ಟೇ. ಪ್ರೆಸ್ಸಿನಿಂದ ಕಟ್ಟು ತಂದು ಬಿಚ್ಚಿದೆ. ರಟ್ಟುಗಳೆಲ್ಲ ಬೆಳ್ಳಗಿದ್ದವು, ಒಂದು ಕಲೆಯೂ ಇಲ್ಲದೆ. ಅಷ್ಟು ಚೊಕ್ಕವಾದ ಪುಸ್ತಕವನ್ನು ನೋಡಿ ಯಾರಾದರೂ ಅಳುತ್ತಾರೆಯೇ? ನಾನು ಅತ್ತೆ.

ಮರುದಿನ ಕಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಅದೇ ಡಬ್ಬಿಯಲ್ಲಿ ಕುಳಿತೆ. ಕಟ್ಟಿನ ದಾರವನ್ನು ಬಿಗಿಯುತ್ತ, ಸಡಿಲಿಸುತ್ತ ಇದ್ದೆ. ಅವರು ಕೂರುತ್ತಿದ್ದ ಕಿಟಕಿ ಪಕ್ಕದ ಜಾಗ ಖಾಲಿಯಿತ್ತು, ಯಾರೂ ಕೂರಲಿಲ್ಲ. ಅದೇ ಸೊಪ್ಪಿನ ಅಜ್ಜಿ ಕಟ್ಟಿನ ಮೇಲೆ ಕೈಯಾಡಿಸಿ ಕೇಳಿದಳು:

"ಅಕ್ಕಂದಾ?"

ತಲೆಯಾಡಿಸಿದೆ.

"ಅವ್ಳಂತೂ ಬರಾಂಗಿಲ್ಲ. ನೀನೂ ಇಂಗೆ ಕುಂತ್ರೆ ಅದ್ರಾಗೇನೈತೆ ಅಂತ ನಮಗ್ಯಾರ್ಲಾ ಏಳ್ತಾರೆ? ಎದ್ದು ನಿಂತ್ಕ, ಸುರು ಮಾಡು. ಕೊನೆ ಮಾತ್ರ ಏಳ್ಬ್ಯಾಡ ಕಣ್ಲಾ."