ಎಡಗಡೆಯ ಕೊರಳೆಲುಬು

ವೈದ್ಯಕೀಯ ಕಾಲೇಜಿನ ಆ ಮೂಳೆ ಕೋಣೆಯಲ್ಲಿ ಎರಡು ದೊಡ್ಡ ಬೀರುಗಳು. ಒಂದರಲ್ಲಿ ಮೈಯ ನಡುಭಾಗದ ಮೂಳೆಗಳು: ತಲೆಬುರುಡೆ, ಬೆನ್ನುಮೂಳೆ, ಪಕ್ಕೆಲುಬು, ಎದೆಮೂಳೆ. ಒಬ್ಬ ಮನುಷ್ಯನ ಲೆಕ್ಕಕ್ಕೆ ಎಂಬತ್ತು. ಇನ್ನೊಂದರಲ್ಲಿ ಕೈಕಾಲಿನವು, ಜೊತೆಗೆ ಕೈಕಾಲನ್ನು ಮೈಗೆ ಸಿಕ್ಕಿಸುವ ಹೆಗಲು, ಸೊಂಟದ ಮೂಳೆಗಳು. ನೂರ ಇಪ್ಪತ್ತಾರು. ಮೂವತ್ತು ವರ್ಷದಿಂದ ಇವನ್ನು ವಿಂಗಡಿಸುತ್ತಿದ್ದ ಅಟೆಂಡರನನ್ನು ಹುಡುಗರು ಮೂಳೆಮಾವ ಎಂದು ಕರೆಯುತ್ತಿದ್ದರು. ಪಾಠ ಹೇಳುವವರೇ ತಡವರಿಸಿದರೂ ಅವನು ಯಾವ ಮೂಳೆ ಎಲ್ಲಿಯದೆಂದು ಕಣ್ಣು ಮುಚ್ಚಿಕೊಂಡು ಹೇಳಬಲ್ಲವನಾಗಿದ್ದ.

ಹೊಸಬರು ಪ್ರತಿವರ್ಷ ಎಡವುತ್ತಿದ್ದದ್ದು ಕೊರಳೆಲುಬಿನಲ್ಲಿ. ಎದೆಯ ಮೇಲೆ ಅಡ್ಡಕ್ಕಿದೆಯಲ್ಲ, ಅದನ್ನು ಪಕ್ಕೆಲುಬಿನ ಜೊತೆ ಇಟ್ಟುಬಿಡುತ್ತಿದ್ದರು.

"ಎದೆ ಮೇಲೆ ಮಲಗಿದ ಮಾತ್ರಕ್ಕೆ ಎದೆಯದಾಗುತ್ತೇನ್ರಪ್ಪಾ? ಅದು ಕೈ ಕಡೆಯ ನೆಂಟ!" ಎಂದು ಮೂಳೆಮಾವ ರೇಗುತ್ತಿದ್ದ.

ತನ್ನವರು ಅಂತ ಅವನಿಗಿದ್ದದ್ದು ಅಕ್ಕ ಒಬ್ಬಳೇ. ತಾಯಿ ಸತ್ತಾಗ ಅವನಿಗೆ ಎರಡು ವರ್ಷ, ಅವಳಿಗೆ ಹನ್ನೊಂದು. ಒಮ್ಮೆ ಅವನನ್ನು ಕಂಕುಳಲ್ಲಿ ಎತ್ತಿಕೊಂಡು ಇಳಿಯುವಾಗ ಮೆಟ್ಟಿಲಲ್ಲಿ ಜಾರಿದವಳು, ಮಗುವನ್ನು ಬಿಡದೆ ಎಡಕ್ಕೆ ಬಿದ್ದಳು. ಅವನಿಗೆ ತರಚಲೂ ಇಲ್ಲ. ಅವಳ ಕೊರಳೆಲುಬು ಮುರಿದು, ಗಂಟು ಗಂಟಾಗಿ ಕೂಡಿಕೊಂಡಿತು. ಆಮೇಲೆ ಜೀವಮಾನವೆಲ್ಲ ಚೀಲವನ್ನು ಬಲ ಹೆಗಲಿಗೇ ಹಾಕಿಕೊಂಡಳು.

ಕೊನೆಗಾಲದಲ್ಲಿ ದೇಹವನ್ನು ಕಾಲೇಜಿಗೆ ಬರೆದುಕೊಟ್ಟಳು. "ಸತ್ತ ಮೇಲೂ ನಿನ್ನ ಹತ್ರಾನೇ ಇರ್ತೀನಲ್ಲ. ಆದ್ರೆ ಚೆಲ್ಲಾಪಿಲ್ಲಿ ಮಾಡ್ಬೇಡ ಕಣೋ. ನನ್ನ ಒಂದೇ ಕಡೆ ಇಡು."

"ಆಯ್ತಕ್ಕ," ಎಂದ. ಸಾಯುವವಳಿಗೆ ಇನ್ನೇನು ತಾನೇ ಹೇಳಿಯಾನು?

ಅವಳು ಸತ್ತು ಎರಡು ವರ್ಷದ ಮೇಲೆ, ತೊಳೆದು ಒಣಗಿಸಿದ ಮೂಳೆಗಳು ಬರೀ ಒಂದು ನಂಬರು ಹೊತ್ತು ಅವನ ಮೇಜಿಗೆ ಬಂದವು. ಕೊರಳೆಲುಬಿನ ಆ ಗಂಟು ಬೆರಳಿಗೆ ತಾಕಿದ್ದೇ ತಡ, ಇದು ಅಕ್ಕನೇ ಎಂದು ಅವನಿಗೆ ತಿಳಿಯಿತು. ಯಾರಿಗೂ ಹೇಳುವಂತಿರಲಿಲ್ಲ. ನೌಕರರ ಮನೆಯವರದೆಂದು ಗೊತ್ತಾದರೆ ಬೇರೆ ಕಾಲೇಜಿಗೆ ಸಾಗಿಸುತ್ತಿದ್ದರು. ಅಕ್ಕನನ್ನು ತನ್ನ ಕೈಯಾರೆ ಎರಡು ಬೀರುಗಳಿಗೆ ಹಂಚಿದ. ಆ ಕೆಲಸ ಮಾಡುವಾಗ ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು. ಕೊನೆಗೆ ಆ ಎಡ ಕೊರಳೆಲುಬನ್ನು ಮಾತ್ರ ದೂರ ಕಳಿಸಲಾಗದೆ, ಅವಳ ಪಕ್ಕೆಲುಬುಗಳ ನಡುವೆ ಇಟ್ಟ. ಕೊಟ್ಟ ಮಾತು ಇಷ್ಟಾದರೂ ಉಳಿಯಲಿ ಎಂದುಕೊಂಡ.

ಮರುದಿನ ವಿಭಾಗದ ಮುಖ್ಯಸ್ಥೆ ಬೀರು ತೆಗೆಸಿ ನೋಡಿದರು.

"ಇದೇನ್ರೀ, ನೀವೂ ಈ ತಪ್ಪು ಮಾಡೋದಾ?"

ಅವನು ನೆಲ ನೋಡಿದ. "ಕಣ್ಣು ಮಂಜಾಗಿದೆ ಮೇಡಂ."

"ಹೋಗ್ಲಿ ಬಿಡಿ, ವಯಸ್ಸಾಯ್ತಲ್ಲ," ಎಂದು ಆಕೆ ಮರುಕಪಟ್ಟು, ತಾವೇ ಅದನ್ನೆತ್ತಿ ಹುಡುಗರಿಗೆ ಓದಲು ಕೊಡುವ ಕೈಮೂಳೆಗಳ ಚೀಲಕ್ಕೆ ಹಾಕಿದರು. ಮೂವತ್ತು ವರ್ಷದ ಹೆಸರು ಮಣ್ಣುಪಾಲಾದದ್ದು ಅವನಿಗೆ ದೊಡ್ಡದೆನಿಸಲಿಲ್ಲ. ಅಕ್ಕ ಎದುರಿಗೇ ಕೈತಪ್ಪಿ ಹೋಗುತ್ತಿದ್ದಳು.

ಸೋಮವಾರ ಒಬ್ಬ ಹೊಸ ಹುಡುಗಿ ಬಂದು ಸಹಿ ಹಾಕಿ ಅದೇ ಚೀಲವನ್ನು ತೆಗೆದುಕೊಂಡಳು. ಎಡ ಹೆಗಲಿಗೆ ಏರಿಸಿ ಹೊರಟಳು.

"ಬಲಗಡೆಗೆ ಹಾಕ್ಕೊಳಮ್ಮಾ."

"ಯಾಕೆ ಮಾವ?"

"ಎಡಗಡೆ ನೋವಾಗುತ್ತೆ."

ಹುಡುಗಿ ನಕ್ಕು, ಚೀಲ ಬದಲಿಸಿಕೊಂಡು ಮೆಟ್ಟಿಲಿಳಿದಳು. ಎಲ್ಲಿ ಜಾರುತ್ತಾಳೋ ಎಂದು ಮೂಳೆಮಾವ ಕೊನೆಯ ಮೆಟ್ಟಿಲಿನ ಸದ್ದು ಕೇಳುವ ತನಕ ಬಾಗಿಲಲ್ಲೇ ನಿಂತಿದ್ದ.